ಬಾಯಿ ಕಟ್ಟಿಕೊಂಡು ಆಡಿದ ಫೈನಲ್

ಬೈಯದೆ ನನಗೆ ಯಾವ ಕೆಲಸವೂ ಬರುವುದಿಲ್ಲ. ರೊಟ್ಟಿ ಬಡಿಯುವಾಗ ಹಿಟ್ಟನ್ನು ಬೈಯುತ್ತೇನೆ. ಸ್ಕೂಟರ್ ಚಾಲೂ ಆಗದಿದ್ದರೆ ಅದರ ಮನೆತನವನ್ನೆಲ್ಲ ಎತ್ತಿ ಆಡುತ್ತೇನೆ. ದೇವರ ಮುಂದೆ ದೀಪ ಹತ್ತದಿದ್ದರೆ ಬತ್ತಿಗೂ ಎರಡು ಮಾತು ಬೀಳುತ್ತವೆ. ಇದರಲ್ಲಿ ಸಿಟ್ಟು ಕಡಿಮೆ, ಅಕ್ಕರೆಯೇ ಜಾಸ್ತಿ. ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಎಷ್ಟು ಬಿಡಿಸಿ ಹೇಳಿದರೂ ತಲೆಗೆ ಹೋಗುವುದಿಲ್ಲ, ಹಾಗಾಗಿ ನಾನು ಆ ಉಸಾಬರಿ ಬಿಟ್ಟು ಬಹಳ ಕಾಲವಾಯಿತು.

ಸ್ನೂಕರ್ ಕಲಿತದ್ದೂ ಹುಬ್ಬಳ್ಳಿಯಲ್ಲೇ. ಅಪ್ಪ ರೈಲ್ವೆಯಲ್ಲಿದ್ದರು. ಅಲ್ಲಿನ ನೌಕರರ ಕ್ಲಬ್ಬಿನಲ್ಲಿ ಇಂಗ್ಲಿಷರ ಕಾಲದ ಒಂದು ದೊಡ್ಡ ಮೇಜಿತ್ತು. ಹಸಿರು ಬಟ್ಟೆಗೆ ಅಲ್ಲಲ್ಲಿ ತೇಪೆ. ಅಪ್ಪ ಮೇಜಿನ ಮೇಲೆ ಬಾಗಿ, ಒಂದು ಕಣ್ಣು ಮುಚ್ಚಿ, ಬಿಳಿ ಚೆಂಡಿನ ಜೊತೆ ಮಾತಾಡುತ್ತಿದ್ದರು. "ಎಲಾ ಮೂಳಾ, ಇನ್ನೊಂದ ಗೇಣ ಮುಂದ ಹೋಗಾಕ ಏನ ಧಾಡಿ ನಿನಗ?" ಆಟದ ಕೋಲು ಹಿಡಿಯುವುದನ್ನೂ ಚೆಂಡನ್ನು ಬೈಯುವುದನ್ನೂ ನಾನು ಅವರಿಂದ ಒಟ್ಟೊಟ್ಟಿಗೇ ಕಲಿತೆ. ಇವೆರಡು ಬೇರೆ ಬೇರೆ ಎನ್ನುವುದು ನನಗೆ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಬಿಳಿ ಚೆಂಡಿಗೆ ಹೊಡೆದು ಅದರಿಂದ ಒಂದು ಕೆಂಪು ಚೆಂಡನ್ನು ಜೇಬಿಗೆ ಬೀಳಿಸಬೇಕು, ಆಮೇಲೆ ಒಂದು ಬೇರೆ ಬಣ್ಣದ್ದು, ಮತ್ತೆ ಕೆಂಪು. ಕೆಂಪೆಲ್ಲ ಮುಗಿದ ಮೇಲೆ ಬಣ್ಣದವು ಒಂದೊಂದಾಗಿ ಹೋಗಿ, ಕೊನೆಗೆ ಉಳಿಯುವುದು ಕಪ್ಪು. ಬಿಳಿಯದೇ ಜೇಬಿಗೆ ಬಿದ್ದರೆ ಅಂಕಗಳು ಎದುರಾಳಿಗೆ. ಹೀಗೆ ಮೇಜು ಖಾಲಿಯಾಗುವವರೆಗಿನ ಒಂದು ಸುತ್ತಿಗೆ ಫ್ರೇಮ್ ಎನ್ನುತ್ತಾರೆ.

ಮೊಬೈಲು ದೊಡ್ಡ ಸಾಹೇಬರ ಕೈಗಷ್ಟೇ ಬಂದಿದ್ದ ಆ ಕಾಲದಲ್ಲಿ ನನ್ನ ವಿಮಾ ಕಂಪನಿ ನನ್ನನ್ನು ವಡೋದರಾಕ್ಕೆ ವರ್ಗ ಮಾಡಿತು. ಗಂಡ ಬ್ಯಾಂಕಿನವರು. ಅವರ ಮೇಲಿನವರ ಕೈಕಾಲು ಹಿಡಿದು ಅವರನ್ನೂ ಅಲ್ಲಿಗೇ ಹಾಕಿಸಿಕೊಂಡೆವು. ಹೊಸ ಕಚೇರಿಯ ಮೂರನೇ ಮಹಡಿಯ ರಿಕ್ರಿಯೇಶನ್ ರೂಮಿನ ಬಾಗಿಲು ತೆರೆದು ಅಲ್ಲಿ ಸ್ನೂಕರ್ ಮೇಜು ಕಂಡಾಗ ತವರಿಗೆ ಬಂದಷ್ಟು ಖುಷಿಯಾಯಿತು. ಹೆಂಗಸರು ಅದರ ಹತ್ತಿರ ಹೋಗುವ ರೂಢಿ ಅಲ್ಲಿರಲಿಲ್ಲ. ನಾನು ಹೋದೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಸೋಲಿಸುತ್ತ ಬಂದೆ.

ಅಹಮದಾಬಾದ್, ವಡೋದರಾ, ಸೂರತ್ ಈ ಮೂರು ಊರಿನ ಕಚೇರಿಗಳ ನಡುವೆ ವರ್ಷಕ್ಕೊಮ್ಮೆ ಪಂದ್ಯ. ಊರಿಗೊಬ್ಬ ಆಟಗಾರ. ಫೈನಲ್ ಸರದಿಯಂತೆ ಒಂದೊಂದು ವರ್ಷ ಒಂದೊಂದು ಊರಿನಲ್ಲಿ. ನಮ್ಮಲ್ಲಿ ಹಿಂದಿನ ವರ್ಷ ಹೋಗಿದ್ದವರಿಗೆ ಆ ವರ್ಷ ರಾಜಕೋಟ್‌ಗೆ ವರ್ಗವಾಯಿತು. ನಾನು ಕಚೇರಿಯ ಕ್ಲಬ್ಬಿನ ಸೆಕ್ರೆಟರಿಯ ಮುಂದೆ ಹೋಗಿ ನಿಂತೆ. ಕ್ಲೇಮ್ಸ್ ವಿಭಾಗದ ಗುಜರಾತಿ ಅವರು, ಫ್ಯಾನಿಗೂ ನೋವಾದೀತೆಂಬಂತೆ ಸ್ವಿಚ್ ಒತ್ತುವಷ್ಟು ಸಾಧು ಮನುಷ್ಯ. ಅವರ ಹಿಂದಿಯಲ್ಲಿ ಅರ್ಧ ಗುಜರಾತಿ, ನನ್ನ ಹಿಂದಿಯಲ್ಲಿ ಮುಕ್ಕಾಲು ಹುಬ್ಬಳ್ಳಿ. ಆದ್ದರಿಂದ ಅವರ ಮಾತನ್ನು ಕನ್ನಡಕ್ಕಿಳಿಸಿ, ನನ್ನದನ್ನು ಹುಬ್ಬಳ್ಳಿಯ ಕನ್ನಡದಲ್ಲೇ ಬರೆಯುತ್ತೇನೆ.

"ಬೆನ್, ಲೇಡೀಸ್‌ಗೆ ಕೇರಮ್ ಇದೆಯಲ್ಲ," ಎಂದರು. ಬೆನ್ ಎಂದರೆ ಅಕ್ಕ ಅಂತಲೂ ಹೌದು, ತಂಗಿ ಅಂತಲೂ ಹೌದು. ಅಲ್ಲಿ ಹೆಂಗಸರೆಲ್ಲ ಬೆನ್.

"ಕೇರಮ್ ಗಂಡಸರಿಗೆ ಕೊಡ್ರಿ. ಇಲ್ಲಿ ನನಗ ಸೋಲದವರು ಯಾರದಾರ, ಅವರನ್ನ ಕರೀರಿ, ಅವರ ಹೋಗ್ಲಿ."

ಯಾರೂ ಇರಲಿಲ್ಲ. ಕಮಿಟಿ ಕೂತು, ಗೊಣಗಿ, ಕೊನೆಗೆ ಒಪ್ಪಿತು. ಆದರೆ ಸೆಕ್ರೆಟರಿ ಒಂದು ಮಾತು ಸೇರಿಸಿದರು. "ಈ ಒಂದು ಸಲ ನೋಡೋಣ ಬೆನ್. ಸರಿಹೋಗಲಿಲ್ಲ ಅಂದ್ರೆ ಮುಂದಿನ ವರ್ಷದಿಂದ ಪಂದ್ಯಕ್ಕೂ ಮೇಜಿಗೂ ಮತ್ತೆ ಗಂಡಸರೇ." ನನ್ನ ಎದೆಗೆ ಅದು ನಾಟಿತು. ಆ ಮೇಜು ಬಿಟ್ಟರೆ ಆ ಊರಿನಲ್ಲಿ ನನ್ನದು ಅಂತ ಇನ್ನೇನೂ ಇರಲಿಲ್ಲ. ಅದು ಕೈತಪ್ಪುವುದು ನನಗೆ ಬೇಡವಾಗಿತ್ತು.

ಮೊದಲ ಪಂದ್ಯ ಅಹಮದಾಬಾದಿನಲ್ಲಿ. ಹಿಂದಿನ ವರ್ಷ ಗೆದ್ದವರೆಂದು ಸೂರತ್ ನೇರ ಫೈನಲ್‌ಗೆ. ಅಹಮದಾಬಾದಿನ ಆಟದ ಹಾಲ್ ರಸ್ತೆಗೆ ಅಂಟಿಕೊಂಡಿತ್ತು, ಹೊರಗೆ ಆಟೋಗಳ ಹಾರನ್ನು, ಒಳಗೆ ನಾನು. ಯಾರಿಗೆ ಕೇಳಿಸಬೇಕು? ಮನಸ್ಸು ಬಿಚ್ಚಿ ಬೈದುಕೊಂಡು ಆಡಿದೆ. "ಬಾರಲೇ ಹುಚ್ಚಪ್ಯಾಲಿ, ಎಲ್ಲಿ ಸತ್ತೀದಿ?" ಎಂದರೆ ಸಾಕು, ಚೆಂಡು ಕರೆದಲ್ಲಿಗೆ ಬರುತ್ತಿತ್ತು. ಎದುರಾಳಿಗೆ ಕೋಲು ಮುಟ್ಟುವ ಅವಕಾಶವೂ ಸರಿಯಾಗಿ ಸಿಗಲಿಲ್ಲ ಪಾಪ. ಮುಗಿದ ಮೇಲೆ ಅವನು ಭಕ್ತಿಯಿಂದ ಕೇಳಿದ, "ಮೇಡಂ, ಅದು ಯಾವ ಮಂತ್ರ?"

ಅಲ್ಲೇ ಎಡವಟ್ಟಾಯಿತು. ಆ ಕಚೇರಿಯಲ್ಲಿ ಮೈಸೂರು ಕಡೆಯ ಒಬ್ಬ ಅಧಿಕಾರಿ ಇದ್ದರು. ಮೂಲೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಪುಣ್ಯಾತ್ಮ ನಗು ತಡೆಯಲಾರದೆ, ನನ್ನ ಜೊತೆ ಬಂದಿದ್ದ ನಮ್ಮ ಸೆಕ್ರೆಟರಿಗೆ ಒಂದೊಂದನ್ನೂ ಬಿಡಿಸಿ ಅರ್ಥ ಹೇಳಿದರು.

ಆ ವರ್ಷದ ಫೈನಲ್ ಸೂರತ್ತಿನಲ್ಲಿ, ಡಿಸೆಂಬರಿನ ಒಂದು ಭಾನುವಾರ. ವಡೋದರಾದಿಂದ ಬೆಳಗಿನ ರೈಲು ಹತ್ತಿದೆವು. ಸೆಕ್ರೆಟರಿ ಮಫ್ಲರ್ ಬಿಚ್ಚಿದರು, ಮತ್ತೆ ಸುತ್ತಿಕೊಂಡರು, ಕಿಟಕಿ ನೋಡಿದರು. ಕೊನೆಗೆ ಬಾಯಿಬಿಟ್ಟರು.

"ಬೆನ್, ಇವತ್ತು ಸಾಹೇಬರುಗಳ ಮನೆಯವರೆಲ್ಲ ನೋಡೋಕೆ ಬರ್ತಾರಂತೆ. ಲೇಡಿ ಪ್ಲೇಯರ್ ಬರ್ತಿದ್ದಾರೆ ಅಂತ ಸುದ್ದಿಯಾಗಿದೆ. ನೀವು ಸ್ವಲ್ಪ... ಶಾಂತಿಯಿಂದ ಆಡಬೇಕು."

"ಅಂದ್ರ?"

"ಚೆಂಡಿನ ತಾಯಿ ತಂದೆಯ ವಿಷಯ ಬೇಡ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಚೆಂಡಿಗೆ ತಾಯಿ ತಂದೆ ಎಲ್ಲಿ ಅಂತ ಕೇಳಬಹುದಿತ್ತು. ಆದರೆ ಮುಂದಿನ ವರ್ಷದ ಚೀಟಿ ಅವರ ಕೈಯಲ್ಲಿತ್ತು. "ಆತ್ ಬಿಡ್ರಿ, ಬಾಯಿಗೆ ಹೊಲಿಗಿ ಹಾಕ್ಕೋತೀನಿ," ಎಂದೆ.

ಸೂರತ್ತಿನ ಎದುರಾಳಿ ಅಕೌಂಟ್ಸಿನವನು, ಐವತ್ತರ ಆಸುಪಾಸು, ದೊಡ್ಡ ಹೊಟ್ಟೆ, ಅದಕ್ಕೊಪ್ಪುವ ಮೀಸೆ. ಸತತವಾಗಿ ಮೂರು ವರ್ಷ ಗೆದ್ದವನು. ಹುಲಿ ಎಂದು ಕೇಳಿದ್ದೆ. ಬಾಗಿಲಲ್ಲಿ ಕೈಮುಗಿದು ನಿಂತಿದ್ದವನು ಒಳ್ಳೆ ಕನ್ಯಾಪಿತೃವಿನಂತಿದ್ದ. "ಆವೋ ಬೆನ್, ಬೇಸೋ ಬೆನ್, ಚಹಾ ಲೇಶೋ ಬೆನ್?" ಎಂದು ಕರೆದು, ಕೂರಿಸಿ, ಚಹಾ ಬೇಕಾ ಎಂದು ಕೇಳಿದ. ಗೋಡೆಯುದ್ದಕ್ಕೂ ಕುರ್ಚಿ ಹಾಕಿ, ರೇಷ್ಮೆ ಸೀರೆಯ ಹೆಂಗಸರು ಮದುವೆಗೆ ಬಂದವರ ಹಾಗೆ ಕೂತಿದ್ದರು. ಮೂರು ಫ್ರೇಮ್‌ಗಳಲ್ಲಿ ಎರಡು ಗೆದ್ದವರಿಗೆ ಬಹುಮಾನದ ಢಾಲು.

ಮೊದಲ ಕೆಂಪು ಜೇಬಿನ ಬಾಯಲ್ಲೇ ಇತ್ತು. ಹುಬ್ಬಳ್ಳಿಯಲ್ಲಿ ಅಂಥದ್ದನ್ನು ಅಪ್ಪ ನನಗೆ ಕಣ್ಣುಮುಚ್ಚಿ ಹೊಡೆಯಲು ಹೇಳುತ್ತಿದ್ದರು. ಹೊಡೆದೆ. ಅಂಚಿಗೆ ತಾಗಿ, ಅತ್ತಿತ್ತ ಅಲ್ಲಾಡಿ, ಅಲ್ಲೇ ನಿಂತಿತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಮುಂದಿನ ಹೊಡೆತಕ್ಕೆ ಬಿಳಿಯೇ ಹೋಗಿ ಜೇಬಿಗೆ ಬಿತ್ತು. ಕುರ್ಚಿಗಳ ಕಡೆಯಿಂದ "ಅರೆರೇ" ಎಂಬ ಕನಿಕರ ಬಂತು. ಕನಿಕರ ಕೇಳಿದರೆ ನನಗೆ ಮೈ ಉರಿಯುತ್ತದೆ.

ಆಟ ಕೈಕೊಟ್ಟಾಗ ಮನುಷ್ಯ ಏನೇನು ಮಾಡುತ್ತಾನೋ ಎಲ್ಲವನ್ನೂ ಮಾಡಿದೆ. ಕೋಲಿನ ತುದಿಗೆ ಸೀಮೆಸುಣ್ಣ ತಿಕ್ಕಿ ತಿಕ್ಕಿ ಸಣ್ಣಗೆ ಮಾಡಿದೆ. ಬಳೆ ತೆಗೆದಿಟ್ಟೆ. ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡೆ. ಮೇಜು ಓರೆಯಾಗಿದೆಯೇನೋ ಎಂದು ಬಗ್ಗಿ ನೋಡಿದೆ. ದೀಪದ ಮೇಲೆ ತಪ್ಪು ಹೊರಿಸಿದೆ. ನಿಧಾನವಾಗಿ ಆಡಿದೆ, ಕೆಟ್ಟಿತು. ಜಲ್ದಿ ಆಡಿದೆ, ಇನ್ನೂ ಕೆಟ್ಟಿತು. ಎಲ್ಲಕ್ಕಿಂತ ದೊಡ್ಡ ಕೇಡೆಂದರೆ ನನಗೆ ನನ್ನ ಮೊಣಕೈ ಇರುವುದು ಗೊತ್ತಾಗತೊಡಗಿತು. ಚೆನ್ನಾಗಿ ಆಡುವವರಿಗೆ ಮೊಣಕೈ ಇರುವುದಿಲ್ಲ. ಅದರ ನೆನಪಾಯಿತೋ, ಆಮೇಲೆ ಭುಜದ ನೆನಪಾಗುತ್ತದೆ, ಉಸಿರಿನ ನೆನಪಾಗುತ್ತದೆ, ಚೆಂಡು ಮಾತ್ರ ಮರೆತುಹೋಗುತ್ತದೆ.

ವಿಚಿತ್ರವೆಂದರೆ ಎದುರಿನ ಹುಲಿಯೂ ಇಲಿಯ ಹಾಗೆ ಆಡುತ್ತಿತ್ತು. ನಾನು ಬಿಟ್ಟದ್ದನ್ನು ಅವನೂ ಬಿಡುತ್ತಿದ್ದ. ಪ್ರತಿ ಸಲ ತಪ್ಪಿದಾಗಲೂ ಅವನ ಬಾಯಿ ತೆರೆಯುತ್ತಿತ್ತು, ಮುಖ ಕೆಂಪೇರುತ್ತಿತ್ತು, ಕುರ್ಚಿಗಳ ಕಡೆ ನೋಡಿ ಬಾಯಿ ಮುಚ್ಚುತ್ತಿತ್ತು, "ಹರಿ ಹರಿ" ಎನ್ನುತ್ತಿದ್ದ. ದೈವಭಕ್ತ ಇರಬೇಕು ಅಂದುಕೊಂಡೆ. ಇಬ್ಬರೂ ಸೇರಿ ಆಟದ ಮಾನ ಹರಾಜು ಹಾಕಿದೆವು. ಕೊನೆಗೆ ನನಗಿಂತ ಒಂಚೂರು ಕಡಿಮೆ ಕೆಟ್ಟದಾಗಿ ಆಡಿ ಅವನು ಫ್ರೇಮ್ ಗೆದ್ದ.

ಊಟದ ಬಿಡುವು. ತಟ್ಟೆಯಲ್ಲಿ ಹಸಿರು ಹಸಿರಾದ ಎಳೆಯ ಜೋಳದ ಕಾಳು, ಮೇಲೆ ಸೇವು, ನಿಂಬೆಹಣ್ಣು. ಅಲ್ಲಿ ಅದಕ್ಕೆ ಪೋಂಕ್ ಅನ್ನುತ್ತಾರೆ, ಚಳಿಗಾಲಕ್ಕೆ ಅದಿಲ್ಲದೆ ಸೂರತ್ತಿನವರಿಗೆ ಆಗದು. ನನಗದು ಸೀತನಿ! ಹೊಲದಲ್ಲಿ ಸುಟ್ಟ ತೆನೆ ತಿಕ್ಕಿ ತಿನ್ನುತ್ತಿದ್ದ ಅದೇ ಸೀತನಿ. ಬೇರೆ ದಿನವಾಗಿದ್ದರೆ ಕುಣಿದಾಡಿ ತಿನ್ನುತ್ತಿದ್ದೆ. ಅಂದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಕೆಳಗಿಳಿದು ರಸ್ತೆಯಾಚೆಯ ಎಸ್‌ಟಿಡಿ ಬೂತಿಗೆ ಹೋಗಿ ಮನೆಗೆ ಫೋನು ಹಚ್ಚಿದೆ.

"ಹೆಂಗಾತು?" ಗಂಡ ಕೇಳಿದರು.

"ಹೆಂಗಾಗತೈತ್ರಿ, ಹಳ್ಳಾ ಹಿಡೀತು. ಕೈ ನಂದ ಅಲ್ಲ ಅನ್ನೋಹಂಗ ಆಗೇತಿ. ಮೂಗಿನ ಮುಂದಿನ ಚೆಂಡ ಬೀಳವಲ್ದು."

"ಬೈದಿ ಇಲ್ಲೋ?"

"ಬೈಬಾರದಂತ ಕರಾರಾಗೇತಿ. ಸಾಹೇಬರ ಹೆಂಡಂದಿರು ಕುಂತಾರ."

ಅತ್ತ ಕಡೆ ನಗು ಶುರುವಾಯಿತು. "ಹಂಗಾರ ಮುಗೀತಲ್ಲ! ಲಗ್ನಾಗಿ ಇಷ್ಟ ವರ್ಷಾತು, ನೀ ಬೈಯದ ಸೂಜಿಗೆ ದಾರಾ ಪೋಣಿಸಿದ್ದ ನಾ ನೋಡಿಲ್ಲ. ಸ್ನೂಕರ್ ಆಡ್ತೀಯಂತ!"

"ನಗಬ್ಯಾಡ್ರಿ, ಹೊಟ್ಟಿ ಉರಿಯಾಕತ್ತೈತಿ. ಬೈದ್ರ ಸೆಕ್ರೆಟರಿ ಮುಂದಿನ ವರ್ಷ ಸೇರಿಸಂಗಿಲ್ಲ."

"ಸೋತ್ರ ಸೇರಿಸ್ತಾರೇನು?"

ಫೋನು ಇಟ್ಟು, ಚಪ್ಪಲಿ ಟಪಟಪ ಬಡಿಯುತ್ತ ಮೆಟ್ಟಿಲು ಹತ್ತಿದೆ.

ಎರಡನೇ ಫ್ರೇಮಿನ ಮೊದಲ ಚೆಂಡಿಗೆ ಬಾಗಿದಾಗ ತುಟಿ ಅಲ್ಲಾಡದಂತೆ ಹೇಳಿದೆ, "ಎಲಾ ಬರಗೆಟ್ಟ ಖೋಡಿ, ಮುಂಜಾನಿಂದ ನನ್ನ ಮರ್ಯಾದಿ ತಗದಿಯಲ್ಲ, ನಿನ್ನ ಮಾರಿಗೆ ಬೆಂಕಿ ಹಚ್ಚ, ನಡಿ ಒಳಗ." ನಡೆಯಿತು. ಮುಂದಿನದಕ್ಕೆ ಸ್ವಲ್ಪ ದನಿ ಏರಿಸಿದೆ. ಅದೂ ನಡೆಯಿತು. ಮೂರನೆಯದರ ಹೊತ್ತಿಗೆ ಮೊಣಕೈ ಮಾಯವಾಗಿತ್ತು. ಅಪ್ಪನ ಕಾಲದ ಬೈಗುಳಗಳನ್ನೆಲ್ಲ ಹೊರಗೆ ತೆಗೆದೆ. ಕೆಂಪು, ನೀಲಿ, ಕೆಂಪು, ಕಪ್ಪು, ಒಂದಾದ ಮೇಲೊಂದು ಸಾಲು ಹಿಡಿದು ಹೋದವು. ಆಹಾ, ಆ ಸುಖ! ಸೆಕ್ರೆಟರಿ ಕಣ್ಣುಮುಚ್ಚಿ ಹಣೆ ಹಿಡಿದುಕೊಂಡಿದ್ದರು. ಮುಂದಿನ ಸಾಲಿನ ಒಬ್ಬ ಹೆಂಗಸು ಪಕ್ಕದವಳಿಗೆ, ಸೌತಿನವರು ಎಷ್ಟು ಶ್ರದ್ಧೆಯಿಂದ ಪ್ರಾರ್ಥನೆ ಮಾಡುತ್ತಾರೆ ನೋಡು ಎಂದಳು. ಫ್ರೇಮ್ ನನ್ನದಾಯಿತು.

ಚಹಾ ಕುಡಿಯುವಾಗ ಹುಲಿ ನನ್ನ ಬಳಿ ಬಂತು. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಶಾಲೆಯ ಹುಡುಗನಂತೆ ನಿಂತಿತ್ತು.

"ಬೆನ್, ಒಂದು ಮಾತು ಕೇಳಲಾ? ತಪ್ಪು ತಿಳೀಬೇಡಿ. ನೀವು ಚೆಂಡಿಗೆ ಹೇಳ್ತಿದ್ದಿರಲ್ಲ, ಅದು ಪ್ರಾರ್ಥನೆ ಅಲ್ಲ ಅಲ್ವಾ?"

"ಅಲ್ಲ."

"ಭಾಷೆ ಗೊತ್ತಿಲ್ಲ, ಆದ್ರೆ ಆ ರಾಗ ನಾನು ಬಲ್ಲೆ. ಬೈಗುಳ ಅಲ್ವಾ?"

"ಹೌದ್ರಿ. ಅಸಲಿ ಹುಬ್ಬಳ್ಳಿ ಬೈಗುಳ."

ಅವನ ಮುಖ ಅರಳಿತು. ಆಮೇಲೆ ತನ್ನ ದುಃಖ ತೋಡಿಕೊಂಡ. ಸೂರತ್ತಿನವರ ಬಾಯಿ ಗುಜರಾತಿಗೆಲ್ಲ ಪ್ರಸಿದ್ಧ. ಗೆಳೆಯ ಸಿಕ್ಕರೆ ನಮಸ್ಕಾರದ ಬದಲು ಬೈಗುಳ, ಚಹಾ ಚೆನ್ನಾಗಿದ್ದರೆ ಮೆಚ್ಚಿಗೆಗೊಂದು ಬೈಗುಳ. ಅದು ಜಗಳವಲ್ಲ, ಊರಿನ ಲಯವೇ ಹಾಗೆ. ಲೇಡಿ ಪ್ಲೇಯರ್ ಬರುತ್ತಾರೆಂದು ಅವರ ಸೆಕ್ರೆಟರಿ ಅವನಿಂದಲೂ ಭಾಷೆ ತೆಗೆದುಕೊಂಡಿದ್ದರಂತೆ. "ಬೆಳಗ್ಗೆಯಿಂದ ಗಂಟಲಲ್ಲಿ ಸಿಕ್ಕಿಕೊಂಡು ಕೂತಿದೆ ಬೆನ್. ಕೈಯೇ ಓಡ್ತಿಲ್ಲ. ನೀವು ಬೇಜಾರು ಮಾಡ್ಕೊಳ್ಳಲ್ಲ ಅಂದ್ರೆ..." ಎಂದು ಅಪ್ಪಣೆಗಾಗಿ ನನ್ನ ಮುಖ ನೋಡಿದ.

ಅವನ ಬೆನ್ನ ಹಿಂದೆ ನಮ್ಮ ಸೆಕ್ರೆಟರಿ, ಇಷ್ಟನ್ನೂ ಕೇಳಿಸಿಕೊಂಡವರು, ಬೇಡ ಬೇಡ ಎಂದು ನನಗೆ ಕೈ ಅಲ್ಲಾಡಿಸುತ್ತಿದ್ದರು. ಯಾಕೆಂದು ನನಗೂ ಗೊತ್ತಿತ್ತು. ನಾನು ಮುಖ ಗಂಟಿಕ್ಕಿ "ಛೇ, ಚಂದಲ್ಲ" ಎಂದುಬಿಟ್ಟರೆ ಸಾಕು, ಈ ಮನುಷ್ಯ ಸಂಜೆತನಕ ಹರಿ ಹರಿ ಎನ್ನುತ್ತ ಚೆಂಡು ಬಿಡುತ್ತಾನೆ. ಢಾಲು ನನ್ನದು. ಮುಂದಿನ ವರ್ಷವೂ ನನ್ನದು. ನನಗೆ ಗೆಲ್ಲಬೇಕಿತ್ತು, ಸುಳ್ಳೇಕೆ ಹೇಳಲಿ, ಹೊಟ್ಟೆಯೊಳಗಿಂದ ಗೆಲ್ಲಬೇಕೆನಿಸುತ್ತಿತ್ತು. ಈ ದಡ್ಡ ನನ್ನನ್ನು ಕೇಳದೆ ಬೈದುಬಿಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ಅವನ ಮೇಲೇ ಸಿಟ್ಟು ಬಂತು. ಆದರೆ ಆ ಬಾಯಿ ತೆರೆದು ಮುಚ್ಚುವ ಸಂಕಟ ಎಂಥದ್ದೆಂದು ಆ ಹಾಲಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಬಾಯಿ ಕಟ್ಟಿದವನನ್ನು ಸೋಲಿಸಿದರೆ ಅದೇನು ಗೆಲುವು?

"ಬೈರಿ," ಎಂದೆ. "ಗುಟ್ಟಿಲೆ ಬ್ಯಾಡ, ಎಲ್ಲಾರಿಗೂ ಕೇಳೋಹಂಗ ಬೈರಿ. ನಾನೂ ಒಂದೆರಡು ಕಲೀತೀನಿ."

ಮೂರನೇ ಫ್ರೇಮ್ ಜಾತ್ರೆಯಾಯಿತು. ಅವನ ಮೊದಲ ಬೈಗುಳ ಹೊರಬಿದ್ದ ಕೂಡಲೇ ಎಲ್ಲರ ತಲೆ ನನ್ನ ಕಡೆ ತಿರುಗಿತು. ನಾನು ಗಟ್ಟಿಯಾಗಿ ನಕ್ಕೆ. ಅಷ್ಟೇ ಸಾಕಾಗಿತ್ತು, ರೇಷ್ಮೆ ಸೀರೆಗಳೆಲ್ಲ ಮುಸಿಮುಸಿ ನಗತೊಡಗಿದವು. ಎಷ್ಟಾದರೂ ಅವರೂ ಸೂರತ್ತಿನವರೇ ತಾನೇ, ಎಷ್ಟು ಹೊತ್ತೆಂದು ಸಭ್ಯರಾಗಿ ಕೂತಾರು? ಹಿಂದಿನ ಸಾಲಿನ ಒಬ್ಬ ಅಜ್ಜಿ ಅವನ ಒಂದು ಬೈಗುಳವನ್ನು ತಿದ್ದಿ ಸರಿಯಾದದ್ದು ಹೇಳಿಕೊಟ್ಟಳು. ಅವನ ಹೊಟ್ಟೆ ಹಗುರಾಗಿ ಮೇಜಿನ ಸುತ್ತ ಓಡಾಡಿತು. ಹುಲಿ ಅಂದದ್ದು ಸುಮ್ಮನೆ ಅಲ್ಲ. ಎಂಥ ಕೈ ಮಾರಾಯರೇ ಅದು! ನಾನೂ ಬಿಡಲಿಲ್ಲ. ಅವನು ಸೂರತ್ತಿಯಲ್ಲಿ, ನಾನು ಹುಬ್ಬಳ್ಳಿಯಲ್ಲಿ, ಚೆಂಡುಗಳಿಗೆ ಓಡಲು ಜಾಗವಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಆಡಿದ್ದಿಲ್ಲ.

ಕೊನೆಗೆ ಕಪ್ಪು ಒಂದೇ ಉಳಿಯಿತು. ಅಂಕಗಳು ಹೆಚ್ಚುಕಡಿಮೆ ಸಮ, ಅದನ್ನು ಬೀಳಿಸಿದವರಿಗೆ ಫೈನಲ್. ಮೊದಲ ಅವಕಾಶ ನನಗೆ, ಮೇಜಿನುದ್ದದ ಹೊಡೆತ. "ಒಂದ ಸರ್ತಿ ನನ್ನ ಮಾತ ಕೇಳಲೇ, ಮೂಳಾ," ಎಂದು ಬೇಡಿಕೊಂಡ ಹಾಗೆ ಬೈದೆ. ಕಪ್ಪು ನೇರ ಹೋಯಿತು, ಜೇಬಿನ ಎರಡೂ ದವಡೆಗೆ ತಾಗಿತು, ಹೊರಗೇ ನಿಂತಿತು. ಅವನು ಬಂದ. ಬಹಳ ಮೆಲ್ಲಗೆ, ಲಾಲಿ ಹಾಡಿದ ಹಾಗೆ ಏನೋ ಹೊಲಸು ಮಾತೊಂದನ್ನು ಚೆಂಡಿನ ಕಿವಿಯಲ್ಲಿ ಹೇಳಿ ಒಳಗೆ ಕಳಿಸಿದ.

ಆಮೇಲೆ ಅವನು ನನ್ನ ಕಡೆ ತಿರುಗಿ, ಕೈ ಹಿಡಿದು ಕುಲುಕುತ್ತ, ಇಡೀ ಹಾಲಿಗೆ ಕೇಳುವಂತೆ ನನ್ನನ್ನೇ ಬೈದ. ಚೆಂಡನ್ನಲ್ಲ, ನನ್ನನ್ನು. ಆ ಮಾತನ್ನು ಇಲ್ಲಿ ಬರೆಯಲಾರೆ, ಬರೆದರೆ ನನ್ನ ಗಂಡ ಓದುತ್ತಾರೆ.

ನಮ್ಮ ಸಾಧು ಸೆಕ್ರೆಟರಿ ಕುರ್ಚಿಯಿಂದ ಚಿಮ್ಮಿ ಎದ್ದರು. "ಏನಂದ್ರಿ? ನಮ್ಮ ಬೆನ್‌ಗೆ ಏನಂದ್ರಿ ನೀವು?"

"ಸಾಹೇಬ್, ಸಿಟ್ಟಾಗಬೇಡಿ," ಎಂದ ಅವನು, ನನ್ನ ಕೈ ಬಿಡದೆ. "ಮೂರು ವರ್ಷದಿಂದ ಯಾರ್ಯಾರನ್ನೋ ಕಳಿಸಿದಿರಿ. ಒಬ್ಬನಿಗಾದ್ರೂ ನನ್ನ ಹತ್ತಿರ ಬೈಸಿಕೊಳ್ಳೋ ಯೋಗ್ಯತೆ ಇತ್ತಾ?"

ಸಂಜೆಯ ರೈಲಿನಲ್ಲಿ ಸೆಕ್ರೆಟರಿ ಮಫ್ಲರನ್ನು ಕಿವಿಯವರೆಗೆ ಸುತ್ತಿಕೊಂಡು ಕೂತರು. ನನ್ನ ಮನಸ್ಸೂ ಭಾರವಾಗಿತ್ತು. ಅಪ್ಪಣೆ ಕೊಟ್ಟದ್ದಕ್ಕೆ ಬೇಸರವಿರಲಿಲ್ಲ, ಆದರೆ ಆ ಮೂರನೇ ಮಹಡಿಯ ಮೇಜನ್ನು ಇನ್ನು ಬಾಗಿಲಿನಿಂದಷ್ಟೇ ನೋಡಬೇಕಲ್ಲ ಎಂದು ದುಃಖವಾಗುತ್ತಿತ್ತು. ನರ್ಮದೆಯ ಸೇತುವೆ ಬಂತು, ಜನ ಕಿಟಕಿಯಿಂದ ಕೈಮುಗಿದರು. ಸೇತುವೆ ದಾಟಿ ಭರೂಚ್ ಬಂದ ಮೇಲೆ ಅವರು ಮಡಿಲಿನಲ್ಲಿದ್ದ ಥೇಪ್ಲಾ ಎಂಬ ಮೆಂತ್ಯದ ರೊಟ್ಟಿಯ ಪೊಟ್ಟಣ ಬಿಚ್ಚಿ ನನ್ನ ಮುಂದೆ ಹಿಡಿದರು.

"ನೀವು ಬೇಡ ಅಂದಿದ್ರೆ ಗೆಲ್ತಿದ್ರಿ, ಬೆನ್."

"ಗೊತ್ತೈತ್ರಿ."

"ಕಮಿಟಿಗೆ ನಾನು ಏನು ಹೇಳಲಿ?"

"ಸೋತಳು ಅಂತ ಹೇಳ್ರಿ. ಮತ್ತೇನ ಹೇಳ್ತೀರಿ?"

ಅವರು ಒಂದು ಥೇಪ್ಲಾವನ್ನು ನಿಧಾನವಾಗಿ ಅಗಿದು ಮುಗಿಸಿದರು. ಮಫ್ಲರ್ ಸರಿಮಾಡಿಕೊಂಡರು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು, "ಮುಂದಿನ ವರ್ಷ ಫೈನಲ್ ನಮ್ಮಲ್ಲಿ. ನಮ್ಮ ಮನೆಯವರೂ ನೋಡೋಕೆ ಬರ್ತಾರೆ. ಅಮ್ಮನಿಗೆ ಕಿವಿ ಮಂದ, ಅವರನ್ನ ಮುಂದಿನ ಸಾಲಲ್ಲೇ ಕೂರಿಸಬಹುದು. ಹೆಂಡತಿಯನ್ನ ಮಾತ್ರ ಹಿಂದೆ ಕೂರಿಸ್ತೀನಿ. ನೀವು ನಿಮಗೆ ಹೇಗೆ ಬೇಕೋ ಹಾಗೆ ಆಡಿ."

ನಾನು ಎರಡು ಥೇಪ್ಲಾ ಒಟ್ಟಿಗೇ ಎತ್ತಿಕೊಂಡೆ. ನೀರಿನ ಬಾಟಲಿಯನ್ನೂ ಅವರೇ ಮುಚ್ಚಳ ತೆಗೆದು ಕೊಟ್ಟರು.